ತಾವು ಯಾರು?

ಮಂಗಳೂರಿನ ಹಂಪನಕಟ್ಟೆಯಲ್ಲಿ ಅಪರಿಚಿತರಿಬ್ಬರು ಮಾತಿಗೆ ತೊಡಗಿದರೆ ಮೊದಲು ಬರುವ ಪ್ರಶ್ನೆ, “ತಮ್ಮ ಊರು ಯಾವುದು?” ಉತ್ತರವು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕನ್ನಡದಲ್ಲೋ ಬರಬಹುದು. ಮನೆಗೊಂದು, ಪೇಟೆಗೊಂದು, ಶಾಲೆಗೊಂದು ಭಾಷೆಯನ್ನಾಡುವವರು ಇಲ್ಲಿ ವಿರಳರಲ್ಲ. ಇಂಥವರೆದುರು ಕ್ಯಾಮರಾ ಹಿಡಿದು “ತಾವು ಯಾರು?” ಎಂದರೆ ಉತ್ತರ ಸುಲಭವೆ?

ಅಪರಿಚಿತರನ್ನು ಹೀಗೆ ಮಾತನಾಡಿಸಿದ ಸಾಕ್ಷ್ಯಚಿತ್ರಗಳುಂಟು. 1967ರಲ್ಲಿ ಎಸ್. ಎನ್. ಎಸ್. ಶಾಸ್ತ್ರಿಯವರು ಫಿಲ್ಮ್ಸ್ ಡಿವಿಷನ್ನಿಗಾಗಿ ನಿರ್ದೇಶಿಸಿದ ‘ಐ ಆಮ್ 20’ ಎಂಬ ಕಿರುಚಿತ್ರದಲ್ಲಿ, 1947ರಲ್ಲಿ ಜನಿಸಿದ ತರುಣ ತರುಣಿಯರು ದೇಶದ ಬಗೆಗೂ ತಮ್ಮ ಬಗೆಗೂ ಮನಬಿಚ್ಚಿ ನುಡಿದರು. ಒಬ್ಬರಲ್ಲಿ ಭರವಸೆ, ಇನ್ನೊಬ್ಬರಲ್ಲಿ ಬೇಸರ. ವಯಸ್ಸೊಂದೇ, ಬಾಳು ಬೇರೆ.

ಅದಕ್ಕೂ ಮುನ್ನ, 1960ರ ಬೇಸಗೆಯಲ್ಲಿ, ಝಾನ್ ರೂಶ್ ಮತ್ತು ಎಡ್ಗರ್ ಮೊರಿನ್ ಎಂಬಿಬ್ಬರು ಪ್ಯಾರಿಸಿನ ದಾರಿಹೋಕರಿಗೆ “ತಾವು ಸುಖಿಗಳೆ?” ಎಂಬ ಪ್ರಶ್ನೆ ಹಾಕಿಸಿದರು. ಮರುವರ್ಷ ತೆರೆಕಂಡ ಆ ಚಿತ್ರದಲ್ಲಿ ಒಂದು ವಿಶೇಷವಿತ್ತು. ಭಾಗವಹಿಸಿದವರಿಗೆ ಅವರ ದೃಶ್ಯಗಳನ್ನೇ ತೋರಿಸಿ, ಅವರ ಅಭಿಪ್ರಾಯಗಳನ್ನೂ ಚಿತ್ರಕ್ಕೆ ಸೇರಿಸಿದ್ದರು. ಕೆಲವರಿಗೆ ಅದು ಸತ್ಯವೆನಿಸಿತು, ಕೆಲವರಿಗೆ ನಟನೆಯೆನಿಸಿತು.

ಗುಟ್ಟಿರುವುದು ಇಲ್ಲಿಯೇ. ಕ್ಯಾಮರಾದ ಮುಂದಿನ ಮೊದಲ ಮಾತಿನಲ್ಲಿ ಮನುಷ್ಯನು ಪೂರ್ತಿಯಾಗಿ ದೊರೆಯನು. ತೆರೆಯ ಮೇಲೆ ತನ್ನನ್ನು ಕಂಡು, “ನಾನು ಇಷ್ಟೇ ಅಲ್ಲ” ಎನ್ನಲು ಅವನಿಗೆ ಅವಕಾಶ ಬೇಕು. ಮಂಗಳೂರಿನಲ್ಲಿ ಇಂಥ ಚಿತ್ರ ತೆಗೆಯಹೊರಟವರು ಇನ್ನೊಂದು ಮಾತನ್ನೂ ನೆನಪಿಡಬೇಕು: ಯಾವ ಭಾಷೆಯಲ್ಲಿ ಪ್ರಶ್ನಿಸುವೆವೋ, ಆ ಭಾಷೆಯ ಮನುಷ್ಯನೇ ನಮಗೆ ಉತ್ತರ ಕೊಡುತ್ತಾನೆ.