ಸವಾರಿಗಲ್ಲ, ಲಾಯಕ್ಕೆ ದುಡ್ಡು ಕೊಡಿ

ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದಲ್ಲೇ ತಿರುವಾಂಕೂರಿನ ಮಹಾರಾಜ ಸ್ವಾತಿ ತಿರುನಾಳ್ ಕಟ್ಟಿಸಿದ ಕುತಿರಮಾಳಿಕ ಅರಮನೆ ಇದೆ. ಅದರ ಸೂರಿನಡಿ ಸಾಲಾಗಿ 122 ಮರದ ಕುದುರೆಗಳು. ಅವಕ್ಕೆ ಹುರುಳಿ ಬೇಡ, ಗೊರಸು ಕತ್ತರಿಸುವವರೂ ಬೇಡ. ಬಡ ಮಕ್ಕಳಿಗೆ ಕುದುರೆ ಸವಾರಿ ಮಾಡಿಸಲು ಹಣ ಕೊಡುವವರಲ್ಲಿ ಕೆಲವರು ಜೀವಂತ ಕುದುರೆಯನ್ನೂ ಹಾಗೇ ಅಂದುಕೊಂಡಿರುತ್ತಾರೆ. ಒಂದು ಭಾನುವಾರ, ಒಂದು ಬ್ಯಾನರ್, ಮಗುವಿಗೊಂದು ಸುತ್ತು, ಫೋಟೊ. ಮಕ್ಕಳಿಗೆ ಖುಷಿಯಾಗುವುದಂತೂ ನಿಜ. ಆದರೆ ಅಂಗವೈಕಲ್ಯವಿರುವ ಮಗುವಿಗೆ ಕುದುರೆಯಿಂದ ಆಗಬಹುದಾದ ಉಪಕಾರ ಒಂದು ಸುತ್ತಿಗೆ ದಕ್ಕುವಂಥದ್ದಲ್ಲ.

ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಲ್ಲಿ ಒಳತೊಡೆಯ ಸ್ನಾಯುಗಳು ಬಿಗಿದು ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತವೆ. ಅಂಥ ಮಗುವನ್ನು ಹಲವು ಕಡೆ ಜೀನಿನ ಬದಲು ದಪ್ಪ ಬಟ್ಟೆಯ ಹಾಸಿನ ಮೇಲೆ, ಕಾಲು ಎರಡೂ ಬದಿಗೆ ಇಳಿಬಿಟ್ಟು ಕೂರಿಸುತ್ತಾರೆ. ಕುದುರೆಯ ಮೈ ನಮ್ಮದಕ್ಕಿಂತ ತುಸು ಬಿಸಿ, ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಕಾವು ಸ್ನಾಯು ಸಡಿಲಲು ನೆರವಾಗುತ್ತದೆ ಎನ್ನುತ್ತಾರೆ ಚಿಕಿತ್ಸಕರು. ಕುದುರೆ ನಡೆಯತೊಡಗಿದರೆ ಅದರ ಬೆನ್ನು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ, ಹಿಂದೆ-ಮುಂದೆ ಅಲುಗುತ್ತದೆ. ನಾವು ನಡೆಯುವಾಗ ಸೊಂಟ ಅಲುಗುವುದೂ ಹೆಚ್ಚುಕಡಿಮೆ ಹೀಗೇ. ಸ್ವಂತ ಕಾಲಲ್ಲಿ ನಡೆಯದ ಮಗುವಿನ ಸೊಂಟಕ್ಕೂ ನಡಿಗೆಯ ಲಯ ಸಿಗುತ್ತದೆ. ಹೆಜ್ಜೆಹೆಜ್ಜೆಗೂ ಬೀಳದಂತೆ ಮೈ ಸರಿಪಡಿಸಿಕೊಳ್ಳುವ ಕೆಲಸ ಮಿದುಳಿಗೆ.

ಇದಕ್ಕೆ ಪುರಾವೆ? 2003ರ ಅಮೆರಿಕದ ಅಧ್ಯಯನವೊಂದರಲ್ಲಿ 15 ಮಕ್ಕಳ ಪೈಕಿ ಕೆಲವರನ್ನು ಎಂಟು ನಿಮಿಷ ಕುದುರೆಯ ಮೇಲೂ ಉಳಿದವರನ್ನು ಅಷ್ಟೇ ಹೊತ್ತು ಅಲುಗದ ಪೀಪಾಯಿಯ ಮೇಲೂ ಕೂರಿಸಿದರು. ಎಡಬಲ ಸ್ನಾಯುಗಳ ಸಮತೋಲ ಸುಧಾರಿಸಿದ್ದು ಕುದುರೆಯೇರಿದವರಲ್ಲಿ. ಆದರೆ 2009ರಲ್ಲಿ ಆಸ್ಟ್ರೇಲಿಯದ 99 ಮಕ್ಕಳ ಮೇಲೆ ಹತ್ತು ವಾರ ನಡೆದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಟಿಸಂ ವಿಷಯದಲ್ಲಿ ಫಲ ತುಸು ಆಶಾದಾಯಕ: 2015ರ ಅಧ್ಯಯನವೊಂದರಲ್ಲಿ ಹತ್ತು ವಾರ ಸವಾರಿ ಮಾಡಿದ ಮಕ್ಕಳ ಕಿರಿಕಿರಿ, ಚಡಪಡಿಕೆ ತಗ್ಗಿ ಮಾತು ಹೆಚ್ಚಿತು. ಹಾಗಾಗಿ ಇದನ್ನು ಪವಾಡವೆಂದು ಮಾರುವವರನ್ನು ನಂಬಬೇಡಿ. ಫಿಸಿಯೋಥೆರಪಿಯ ಜೊತೆಗೆ ನಡೆಯಬೇಕಾದ್ದು, ಅದರ ಬದಲಿಗಲ್ಲ.

ಬೆಂಗಳೂರಿನಲ್ಲಿ ಪುಷ್ಪಾ ಬೋಪಯ್ಯ ಅವರ ‘ಹೀಲಿಂಗ್ ಹಾರ್ಸಸ್’ ಇಂಥ ಸವಾರಿ ಚಿಕಿತ್ಸೆಯ ಕೆಲಸ ಮಾಡುತ್ತಿದೆ. ಅಲ್ಲಿನ ಹವೆ ಕುದುರೆಗೆ ಹಿತ. ಕೇರಳದ ಕರಾವಳಿಯ ಕೊಚ್ಚಿಯದು ಹಾಗಲ್ಲ. ಕುದುರೆ ನಮ್ಮಂತೆಯೇ ಬೆವರಿ ಮೈ ತಂಪಾಗಿಸಿಕೊಳ್ಳುವ ಪ್ರಾಣಿ. ಬಿಸಿಲು, ತೇವ ಎರಡೂ ಸೇರಿದ ಊರಿನಲ್ಲಿ ಕೆಲವು ಕುದುರೆಗಳಿಗೆ ಬೆವರುವುದೇ ನಿಂತುಹೋಗುವ ಕಾಯಿಲೆ ಬರುತ್ತದೆ. ಆಗ ಮೈ ಕಾದು, ಏದುಸಿರು ಬಿಟ್ಟು, ಕೆಲಸಕ್ಕೆ ಬಾರದಾಗುತ್ತದೆ. ಇದು ತಪ್ಪಬೇಕಾದರೆ ಗಾಳಿಯಾಡುವ ಲಾಯ, ಫ್ಯಾನು, ನೀರಿನಲ್ಲಿ ಉಪ್ಪು, ಬೆಳಗಿನ ಜಾವದ ತರಗತಿ ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಒಂದು ಮಗುವಿಗೆ ಲಗಾಮು ಹಿಡಿಯುವವರೊಬ್ಬರು, ಅಕ್ಕಪಕ್ಕ ಇಬ್ಬರು, ಜೊತೆಗೆ ಒಬ್ಬ ಥೆರಪಿಸ್ಟ್ ಬೇಕು.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ತಿರುವನಂತಪುರದ ಟೆಕ್ನೋಪಾರ್ಕ್, ಕೊಚ್ಚಿಯ ಇನ್ಫೋಪಾರ್ಕ್ ಇರುವಲ್ಲಿ ದುಡ್ಡು ಹುಟ್ಟದ ಮಾತೇ ಇಲ್ಲ. ಕೊಡುವವರು ಎಷ್ಟು ಮಕ್ಕಳು ಕುದುರೆ ಹತ್ತಿದರು ಎಂದು ಕೇಳುವುದನ್ನು ಬಿಟ್ಟು, ಒಂದೇ ಮಗು ಎಷ್ಟು ವಾರ ಬಂತು, ಕುದುರೆಗೆ ವಾರಕ್ಕೆಷ್ಟು ಬಿಡುವು ಎಂದು ಕೇಳಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಬಯಲಲ್ಲಿ ಹತ್ತು ವಾರ ಎಡೆಬಿಡದೆ ತರಗತಿ ನಡೆಸಲಾಗದು. ಮೊದಲ ಕಂತಿನಲ್ಲಿ ತಗಡಿನ ಮಾಡು ಹಾಕಿಸುವುದೇ ಲೇಸು.