ಕಳೆದುಹೋದ ಕಿರೀಟ ಹುಡುಕುತ್ತಾ ಕನ್ನಡ ಕಲಿಯುವ ಆಟ

ಪುಣೆ: ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಪುಣೆಯಲ್ಲಿ ಬೆಳೆಯುವ ಅನೇಕ ಕನ್ನಡಿಗ ಮಕ್ಕಳ ದಿನಚರಿ ಇದು. ಪುಣೆ ಕನ್ನಡ ಸಂಘದ ಕನ್ನಡ ಶಾಲೆ ಇದ್ದರೂ ಎಲ್ಲ ಮಕ್ಕಳೂ ಅಲ್ಲಿಗೆ ಹೋಗುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸುವ ಮನೆಗಳಿಗೆ ಕೊರತೆಯಿಲ್ಲ. ಇಂಥಲ್ಲಿ ಮಾತೇ ಬಂಡವಾಳವಾಗಿರುವ ಆಟವೊಂದು ಸಂಘಗಳ ಗಮನಕ್ಕೆ ಬರಬೇಕಿದೆ.

ಅದು ಪಾತ್ರ ವಹಿಸಿ ಆಡುವ ಪತ್ತೇದಾರಿ ಆಟ. ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಪಾತ್ರದಾಟಗಳಿಗೆ ನಾಂದಿ ಹಾಡಿತು. 1981ರ 'ಕಾಲ್ ಆಫ್ ಕ್ಥುಲು' ಪತ್ತೇದಾರಿಕೆಯನ್ನೇ ಮುಖ್ಯವಾಗಿಸಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರ ವಹಿಸುತ್ತಾರೆ. ಗುಟ್ಟು ತಿಳಿದಿರುವುದು ಸೂತ್ರಧಾರನಿಗೆ ಮಾತ್ರ. ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ತಾಳಮದ್ದಳೆ ಕಂಡವರಿಗೆ ಇದು ತೀರಾ ಹೊಸದೆನಿಸದು. ಆದರೆ ಅಲ್ಲಿ ಕಥೆ ಎಲ್ಲರಿಗೂ ಗೊತ್ತು, ಇಲ್ಲಿ ಹುಡುಕಬೇಕು.

ಉದಾಹರಣೆಗೆ, ಸಂಘದ ವಾರ್ಷಿಕೋತ್ಸವದ ಸಂಜೆ ಚೌಕಿಯಿಂದ ಯಕ್ಷಗಾನದ ಕಿರೀಟ ಮಾಯವಾಗಿದೆ ಎನ್ನೋಣ. ಸೂತ್ರಧಾರ ಮೊದಲು ಉತ್ತರ ಬರೆದಿಟ್ಟುಕೊಳ್ಳಬೇಕು: ಕೈತಪ್ಪಿ ಕಿರೀಟ ಮುರಿದ ಹೊಸ ಕಲಾವಿದ, ಬೈಗುಳಕ್ಕೆ ಹೆದರಿ ಗುಟ್ಟಾಗಿ ರಿಪೇರಿಗೆ ಕೊಟ್ಟಿದ್ದಾನೆ. ನಂತರ ಸುಳಿವುಗಳು. ಒಂದೇ ಸುಳಿವನ್ನು ನೆಚ್ಚಿಕೊಂಡರೆ, ಮಕ್ಕಳು ಅದನ್ನು ಗಮನಿಸದಾಗ ಆಟ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಪ್ರತಿ ತೀರ್ಮಾನಕ್ಕೂ ಕನಿಷ್ಠ 3 ಸುಳಿವು ಇರಲಿ ಎಂದು ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದ ಸೂತ್ರ ಆಟಗಾರರಲ್ಲಿ ಹೆಸರಾಗಿದೆ. ನೆಲದಲ್ಲಿ ಉದುರಿದ ಮಣಿ, ಪೆಟ್ಟಿಗೆಯಲ್ಲಿ ರಿಪೇರಿ ಅಂಗಡಿಯ ಚೀಟಿ, ಚಹಾ ತಂದವನು ಕಂಡದ್ದು: ಯಾವುದು ಸಿಕ್ಕರೂ ದಾರಿ ತೆರೆಯುತ್ತದೆ. ರಾಬಿನ್ ಲಾಸ್ ರೂಪಿಸಿದ 'ಗಮ್‌ಶೂ' ಪದ್ಧತಿಯಲ್ಲಂತೂ ಮುಖ್ಯ ಸುಳಿವನ್ನು ದಾಳದ ಅದೃಷ್ಟಕ್ಕೆ ಬಿಡುವುದೇ ಇಲ್ಲ. ಸರಿಯಾದ ಜಾಗದಲ್ಲಿ ಹುಡುಕಿದವರಿಗೆ ಅದು ಸಿಕ್ಕೇ ಸಿಗುತ್ತದೆ.

ಇಲ್ಲಿಗೆ ನಮ್ಮದೊಂದು ನಿಯಮ ಸೇರಲಿ: ಸಾಕ್ಷಿಗಳಿಗೆ ಕನ್ನಡ ಮಾತ್ರ ಬರುತ್ತದೆ. ಸಾಕ್ಷಿಗಳ ಪಾತ್ರ ಹಿರಿಯರದ್ದು. ಮಕ್ಕಳು ತಡವರಿಸಿದರೆ ನಗಬಾರದು, ನಡುವೆ ವ್ಯಾಕರಣ ತಿದ್ದಬಾರದು. ತಪ್ಪು ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಸರಿಯಾದ ಉತ್ತರ ಸಿಗಬೇಕು. ನಕ್ಕರೆ ಆ ಮಗು ಮತ್ತೆ ಬಾಯಿ ಬಿಡದು.

ಬೇಕಾದದ್ದು ಮೇಜು, ಕಾಗದ, ದಾಳ ಮತ್ತು ಎರಡು ಮೂರು ಗಂಟೆ. ಬೇಸಿಗೆ ಶಿಬಿರದಲ್ಲೋ ರಾಜ್ಯೋತ್ಸವದ ಬಿಡುವಿನಲ್ಲೋ ಸಂಘಗಳು ಪ್ರಯತ್ನಿಸಬಹುದು. ಕಿರೀಟ ಎಲ್ಲಿದೆಯೆಂದು ಅಜ್ಜಿಗೆ ಗೊತ್ತು. ಮೊಮ್ಮಗ ಕನ್ನಡದಲ್ಲಿ ಕೇಳಬೇಕು, ಅಷ್ಟೇ.