ಸಕಾಲ ಸ್ವೀಕೃತಿ ಪತ್ರ ಜೋಪಾನ

ದಾನಿಗಳ ಝಕಾತ್ ಬಡ ಮನೆಗೆ ಆಸರೆ. ಆದರೆ ಸಂಧ್ಯಾ ಸುರಕ್ಷಾ, ವಿಧವಾ ಮತ್ತು ಅಂಗವಿಕಲರ ವೇತನ ಅರ್ಹರ ಹಕ್ಕು. ಅದನ್ನು ಕೊಡಬೇಕಾದದ್ದು ಸರ್ಕಾರ.

ಈ ವೇತನಗಳಿಗೂ, ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಗಳಿಗೂ 2012ರಲ್ಲಿ ಜಾರಿಗೆ ಬಂದ ಸಕಾಲ ಕಾಯ್ದೆಯಡಿ ಗಡುವು ಇದೆ. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕಿನ ಯಾವ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೂ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ‘ನಾಳೆ ಬನ್ನಿ’ ಎಂಬ ಮಾತಿಗೆ ದಾಖಲೆಯೇ ಇರುವುದಿಲ್ಲ.

ಗಡುವು ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವಿದೆ, ಅದು ತಡಮಾಡಿದ ನೌಕರರ ಸಂಬಳದಿಂದ ವಸೂಲಾಗುತ್ತದೆ. ಮೊತ್ತ ಚಿಕ್ಕದಾದರೂ ಉತ್ತರ ಕೊಡಬೇಕಾದವರು ಯಾರೆಂಬುದು ಗೊತ್ತಾಗುತ್ತದೆ.

ಮೇಲ್ಮನವಿ ಬರೆಯಲು ತೊಡಕಾದರೆ ಸ್ವೀಕೃತಿ ಪತ್ರದೊಂದಿಗೆ ನಮ್ಮ ಕಚೇರಿಗೆ ಬನ್ನಿ, ಉಚಿತವಾಗಿ ಬರೆದುಕೊಡುತ್ತೇವೆ.